ಹೊಳಿ ಬಂದು ಊರ ಬಿಟ್ಟ ಐದ ಮನಿ ಮಂದಿ ನಮ್ಮ ಗಲ್ಲಿಗೆ ಬಂದಾರ, ನಾವು ಏನ ಮಾಡಿದ್ರ ಛಲೋ? (ವಡಗಾವಿ, ಬೆಳಗಾವಿ)

ಕಂಡಿಕಿ_ವಡಗಾವಿ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ನಾವು ವಡಗಾವಿಯವ್ರು, ಮನ್ಯಾಗ ಎರಡ ಪಾವರ್‌ಲೂಮ್ ಅದಾವ, ಸೀರಿ ನೇಯ್ತೀವಿ. ವಿಷಯ ಏನಪಾ ಅಂದ್ರ ಮಲಪ್ರಭಾ ತುಂಬಿ ನವಿಲುತೀರ್ಥ ಡ್ಯಾಮಿಂದ ನೀರ ಬಿಟ್ಟ ಮ್ಯಾಲ ರಾಮದುರ್ಗ ತಾಲೂಕಿನ ಹೊಳಿ ದಂಡಿ ಊರೊಂದರಿಂದ ಐದ ಮನಿ ಮಂದಿ ನಮ್ಮ ಗಲ್ಲಿಗೆ ಬಂದಾರ, ಒಟ್ಟ 23 ಜನ, ಅದರಾಗ ಏಳ ಹುಡುಗ್ರು, ಒಬ್ಬಾಕಿ ಬಸರಿ, ಏಳ ತಿಂಗಳು. ಅವರೊಳಗಿನ ಒಬ್ಬರ ಅಕ್ಕನ್ನ ನಮ್ಮ ಗಲ್ಲಿಗೆ ಕೊಟ್ಟಾರ, ಅದೊಂದ ಧೈರ್ಯದ ಮ್ಯಾಲ ಬಂದಾರ. ಅವರೂ ನೇಕಾರರೇ, ಆದ್ರ ಅವರದು ಕುಣಿ ಮಗ್ಗ, ನೆಲದಾಗ ತೋಡಿದ ಕುಣ್ಯಾಗ ಕಾಲ ಇಳಿಬಿಟ್ಟ ಕುಂತು ಕೈಲೆ ನೇಯೋದು, ಆ ಕುಣಿ ತುಂಬ ಈಗ ಕೆಸರ ನಿಂತದಂತ, ಮಗ್ಗಕ್ಕ ಹಾಸು ಹಚ್ಚಿದ್ದ ನೂಲೆಲ್ಲಾ ಹೋತು, ಗ್ವಾಡಿ ಮಣ್ಣಿನವು, ಎರಡ ಮನಿ ಪೂರ್ತಿ ಕುಂತಾವ.

ಬಂದ ದಿನ ರಾತ್ರಿ ಹನ್ನೊಂದ ಆಗಿತ್ತು, ಮಳಿ ಹತ್ತಿತ್ತು, ನಾವೆಲ್ಲಾ ನಿಂತ ಸಾಮಾನ ಇಳಸಾಕ ಹೋದ್ರ ಇಳಸಾಕ ಏನೂ ಇರಲಿಲ್ಲರಿ. ನಾಕ ಗಂಟು, ಎರಡ ಕೊಡ, ಒಂದ ಮೇಕಿ. ಅವರೊಳಗ ಒಬ್ಬಾಕಿ ಅಜ್ಜಿ ಸೀರಿ ಸೆರಗಿನ್ಯಾಗ ಏನೋ ಸುತ್ತಿ ಗಟ್ಟಿ ಹಿಡಕೊಂಡಿದ್ಲು, ನಾನು ರೊಕ್ಕ ಬಂಗಾರ ಇರಬೇಕು ಅಂದ್ಕೊಂಡೆ, ಮುಂಜಾನೆ ನೋಡಿದ್ರ ಒಂದ ಲಾಳಿ, ಮಗ್ಗದಾಗ ಅಡ್ಡ ನೂಲ ಓಡಸೋದು. ಕಟಗಿದು, ಹಿಡದು ಹಿಡದು ನಡಕ ಸವದು ನುಣ್ಣಗ ಆಗೇದ. ಮಗ್ಗ ತರಾಕ ಬರಲಿಲ್ಲ, ಇದೊಂದ ತಂದೆ ಅಂದ್ಲು.

ಈಗ ಎಲ್ಲಾರೂ ನಮ್ಮ ಗಣಪತಿ ಮಂಡಳದ ಹಾಲಿನ್ಯಾಗ ಅದಾರ. ಊಟ ಗಲ್ಲಿಯಿಂದ ಪಾಳಿ ಮ್ಯಾಲ ಹೊಂಟದ, ದಿನಾ ನಾಕ ಮನಿ ರೊಟ್ಟಿ, ನಾಕ ಮನಿ ಪಲ್ಯ ಸಾರು, ಅದರ ಚಿಂತಿ ಇಲ್ಲ. ಆದ್ರ ಚೌತಿಗೆ ಇನ್ನ 18 ದಿನ ಅದ, ಹಾಲ್ ಖಾಲಿ ಆಗಬೇಕು. ನಿನ್ನೆ ಪಂಚರು ಕೂತ ಮಾತಾಡಿದ್ರು. ಒಂದ ಮನಿ ಅನಗೋಳದಾಗ ಸಿಗತದ, ಒಂದ ಖಾಸಬಾಗದಾಗ, ಒಂದ ಯಳ್ಳೂರ ರೋಡಿಗೆ, ಎರಡ ಕಂಗ್ರಾಳಿ ಕಡೆ, ಹಿಂಗ ಒಂದೊಂದ ಕುಟುಂಬಕ್ಕ ಒಂದೊಂದ ಕಡೆ ಹಚ್ಚಿಬಿಡೂಣು ಅಂತ. ಅದನ್ನ ಕೇಳಿ ಆ ಅಜ್ಜಿ ಎದ್ದ ನಿಂತ "ಯಪ್ಪಾ, ಸಣ್ಣ ಜಾಗಾ ಆದ್ರೂ ಅಡ್ಡಿ ಇಲ್ಲ, ನಮ್ಮನ್ನ ಅಗಲಸಬ್ಯಾಡ್ರಿ" ಅಂದ್ಲು. ಪಂಚರು ಸುಮ್ಮನಾದ್ರು, ಆದ್ರ ಏನೂ ತೀರ್ಮಾನ ಆಗಲಿಲ್ಲ. ಗಲ್ಲ್ಯಾಗ ಕೆಲವ್ರು ಇವ್ರು ತಿರುಗಿ ಯಾವಾಗ ಹೋಗ್ತಾರ ಅಂತ ಈಗಾಗಲೇ ಕೇಳಾಕತ್ತಾರ.

ನನಗ ಬೇಕಾಗಿದ್ದು ಇಷ್ಟ: ಇಂಥಾದ್ದು ಉಂಡವ್ರು, ಇಂಥಾದ್ದಕ್ಕ ನಿಂತವ್ರು ಯಾರರ ಇದ್ರ ಹೇಳ್ರಿ, ಬಾಡಿಗಿ, ಸಾಲಿ, ರೇಷನ್, ಪರಿಹಾರದ ಕಾಗದಪತ್ರ, ಯಾವದನ್ನ ಮೊದಲ ಹಿಡಿಬೇಕು? ನಾವು ಓದಿದವ್ರಲ್ಲ, ನೇಯೋದು ಬಿಟ್ರ ಬ್ಯಾರೆ ಗೊತ್ತಿಲ್ಲ, ಆದ್ರ ಮಾಡಬೇಕಂತ ಮನಸದ.

---

ಘಟಪ್ರಭಾ ದಂಡಿ:

ಅಕ್ಕಾರ, ನಿಮ್ಮ ಪೋಸ್ಟ್ ಓದಿ ಕಣ್ಣಾಗ ನೀರ ಬಂದ್ವು. ನಾವು ಗೋಕಾಕದವ್ರು. 2019ರ ಆಗಸ್ಟಿನ್ಯಾಗ ಹಿಡಕಲ್ ಡ್ಯಾಮಿಂದ ಘಟಪ್ರಭಾ, ಈ ಕಡೆಯಿಂದ ಮಾರ್ಕಂಡೇಯ, ಎರಡೂ ಕೂಡೇ ಬಂದು ಲೋಳಸೂರ ಬ್ರಿಜ್ ಮುಳಗಿದಾಗ ನಾವು ಒಂದ ಸಾಲ್ಯಾಗ ಒಂಬತ್ತ ದಿನ ಇದ್ವಿ.

ಉಂಡದ್ದನ್ನ ಹೇಳ್ತೀನಿ. ಮೊದಲಿನ ಎರಡ ದಿನ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಎಷ್ಟ ಬಂತಂದ್ರ ಇಡಾಕ ಜಾಗಾ ಇರಲಿಲ್ಲ, ಎಲ್ಲೆಲ್ಲಿಂದೋ ಬಂದ ಕೊಟ್ಟ ಹೋದ್ರು, ಅವರ ಹೊಟ್ಟಿ ತಣ್ಣಗಿರಲಿ. ಮೂರನೇ ದಿನ ಅರಿವಿ ಬಂದ್ವು. ನಮ್ಮವ್ವಗ ನಾಕ ಸೀರಿ ಸಿಕ್ಕು. ಆದ್ರ ಲಂಗಾ ಒಂದೂ ಇಲ್ಲ. ಮೂರ ದಿನ ಆಕಿ ಹಸಿ ಲಂಗದ ಮ್ಯಾಲನ ಒಣಗಿದ ಸೀರಿ ಉಟ್ಕೊಂಡ ಕುಂತಿದ್ಲು, ಯಾರಿಗೂ ಹೇಳಲಿಲ್ಲ, ಗಂಡಸರ ಕೈಯಾಗ ಏನಂತ ಕೇಳಬೇಕು? ನಾಕನೇ ದಿನ ಒಬ್ಬ ಆಶಾ ಬಾಯಾರು ಬಂದು ಹೆಣಮಕ್ಕಳನ್ನ ಒಂದ ಖೋಲ್ಯಾಗ ಕರದು ಬಾಗಲಾ ಹಾಕ್ಕೊಂಡ ಕೇಳಿದ ಮ್ಯಾಲ ಗೊತ್ತಾತು, ಯಾರ್ಯಾರಿಗೆ ಪ್ಯಾಡ್ ಬೇಕು, ಯಾರ್ಯಾರಿಗೆ ಲಂಗಾ, ಒಳ ಅರಿವಿ. ಅದಕ್ಕ ಮೊದಲನೇ ಮಾತು, ನಿಮ್ಮ ಗಲ್ಲಿಯ ಇಬ್ಬರು ಹೆಣಮಕ್ಕಳು ಅವರ ಹೆಣಮಕ್ಕಳನ್ನ ಕೂಡ್ರಿಸಿಕೊಂಡ ಕೇಳ್ರಿ, ಪಂಚರು ಕೇಳೋದಲ್ಲ.

ಎರಡನೇದು ಗುಳಿಗಿ. ಬಿಪಿ ಶುಗರ್ ಇದ್ದವ್ರು ಗುಳಿಗಿ ಹಾಳಿ ಬಿಟ್ಟ ಬಂದಿರ್ತಾರ, ಹೆಸರ ಗೊತ್ತಿರಂಗಿಲ್ಲ, "ಬಿಳೆದು, ಸಣ್ಣದು" ಅಂತಾರ. ಅವರ ಊರಿನ ಡಾಕ್ಟರಿಗೋ ಔಷಧ ಅಂಗಡಿಗೋ ಫೋನ್ ಹಚ್ಚಿ ಕೇಳಿದ್ರ ಹೇಳ್ತಾರ.

ಮೂರನೇದು ಫೋಟೋ. ನಮ್ಮ ಅಪ್ಪ ಒಂದ ರಗ್ಗ ತಗೊಳಾಕ ಹೋದಾಗ ಹಿಡ್ಕೊಂಡ ನಿಂತಕೋ ಅಂತ ಎರಡ ಸಲ ಫೋಟೋ ತಗದ್ರು. ಅಂವಾ ನಾಕ ಎಕರೆ ಕಬ್ಬಿನ ರೈತ. ಆಮ್ಯಾಲ ರಾತ್ರಿ ಚಳಿ ಆದ್ರೂ ಆ ರಗ್ಗ ಹೊಚ್ಚಕೊಳ್ಳಲಿಲ್ಲ. ನಿಮ್ಮ ಮಂಡಳದ ಹುಡುಗ್ರಿಗೆ ಹೇಳ್ರಿ, ಮಾರಿ ಕಾಣೂಹಂಗ ಯಾವ ಫೋಟೋನೂ ಸ್ಟೇಟಸ್ ಹಾಕಬ್ಯಾಡ್ರಿ ಅಂತ.

ಮತ್ತ ದನ. ಆ ಮೇಕಿಗೆ ಮೇವ ಹಾಕ್ರಿ. ಸಣ್ಣ ಮಾತಲ್ಲ ಇದು. ನಮ್ಮ ಅಪ್ಪ ಎಮ್ಮಿ ಬಿಟ್ಟ ಬರಂಗಿಲ್ಲ ಅಂತ ಟೊಂಕಮಟ ನೀರಾಗ ಹೋಗಿ ಬಿಚ್ಚಕೊಂಡ ಬಂದಿದ್ದ, ಕ್ಯಾಂಪಿನ್ಯಾಗ ತನಗ ಊಟ ಬಂದ್ರೂ ಉಣವಲ್ಲ, ಒಂದ ಟ್ರ್ಯಾಕ್ಟರ ಮೇವ ಬಂದ ಮ್ಯಾಲನ ಕೈ ತೊಳಕೊಂಡ ಕುಂತ.

15 ದಿನ ಆದ ಮ್ಯಾಲ ಯಾರೂ ಬರಲಿಲ್ಲರಿ. ಆವಾಗ ನಮಗ ಬೇಕಾಗಿದ್ದು ರೊಟ್ಟಿ ಅಲ್ಲ, ಸಲಿಕಿ ಹಿಡದು ಮನ್ಯಾಗಿನ ಕೆಸರ ತಗ್ಯಾಕ ನಾಕ ಮಂದಿ ಬೇಕಾಗಿದ್ರು. ಮಳಕಾಲುಮಟ ರಾಡಿ, ಅದರಾಗ ಹಾವು, ವಾಸನಿ, ಅಪ್ಪ ಒಬ್ಬನ ಎಷ್ಟಂತ ಬಾಚ್ಯಾನು? ನೀವು ಅವರ ಊರಿಗೆ ಒಂದ ದಿನ ಹೋಗಿ ಬರ್ರಿ.

---

ಖಾಸಬಾಗ ಹುಡುಗ:

ಮನಸ ಎಲ್ಲಾರಿಗೂ ಅದ ಅಕ್ಕಾರ, ಆದ್ರ ಬಾಡಿಗಿ ಕೊಡೋರು ಯಾರು? ನಮ್ಮ ಕಡೆನೂ ಮಗ್ಗ ಬಂದ್ ಆಗಿ ಗುಜರಿಗೆ ಹಾಕಾಕತ್ತಾರ, ಮಜೂರಿ ಏರವಲ್ದು, ನೂಲಿನ ರೇಟ್ ಇಳಿವಲ್ದು. 2019ರಾಗ ನಮ್ಮ ಮಗ್ಗದ ಕೋಣಿಗೂ ನೀರ ಹೊಕ್ಕಿತ್ತು, ಮೋಟರ್ ಸುಟ್ಟು ಎರಡ ತಿಂಗಳ ಖಾಲಿ ಕುಂತಿದ್ವಿ. ಇವರಿಗೆ ಸಹಾಯ ಮಾಡಬ್ಯಾಡ್ರಿ ಅಂತ ನಾ ಅನ್ನವಲ್ಲೆ, ಆದ್ರ ಒಂದ ತಿಂಗಳ ಬಾಡಿಗಿ ಕೊಟ್ಟು ಎರಡನೇ ತಿಂಗಳ ಕೈ ಬಿಟ್ರ ಅವರಿಗೆ ಇನ್ನೂ ತ್ರಾಸ ಆಗತದ. ಎಷ್ಟ ತಿಂಗಳ ನಿಲ್ಲಬಲ್ಲಿರಿ ಅನ್ನೋದನ್ನ ಮೊದಲ ಲೆಕ್ಕಾ ಹಾಕ್ರಿ, ಆಮ್ಯಾಲ ಮಾತ ಕೊಡ್ರಿ.

---

ಕಂಡಿಕಿ_ವಡಗಾವಿ:

ತಮ್ಮಾ ನೀ ಹೇಳೋದು ಖರೆ ಅದ, ಸಿಟ್ಟ ಇಲ್ಲ. ಇಲ್ಲಿನ ಬಳ್ಳಾರಿ ನಾಲಾ ಉಕ್ಕಿ ನಮ್ಮ ವಡಗಾವಿ ಹೊಲಾನೂ ಎಷ್ಟ ಸಲ ಹೋಗ್ಯಾವ, ನೀರಿನ ಸಂಕಟ ನಮಗೂ ಗೊತ್ತದ. ಲೆಕ್ಕದ ಮಾತ ಇವತ್ತ ಸಂಜಿಕೆ ನಮ್ಮ ಭಿಶಿ (ತಿಂಗಳಾ ರೊಕ್ಕ ಕೂಡ್ಸೋ ಚೀಟಿ) ಹೆಣಮಕ್ಕಳ ಮುಂದ ಇಡ್ತೀನಿ.

ಗೋಕಾಕದ ಅಣ್ಣಾರ, ನೀವು ಹೇಳಿದಂಗ ನಾನು, ನಮ್ಮ ವೈನಿ ಹೋಗಿ ಬಾಗಲಾ ಹಾಕ್ಕೊಂಡ ಕೇಳಿದ್ವಿ. ನೀವು ಹೇಳಿದ್ದ ಅಕ್ಷರಶಃ ಖರೆ ಆತು. ಎಂಟ ದಿನದಿಂದ ಬಾಯಿ ಬಿಟ್ಟಿರಲಿಲ್ಲ ಅವ್ರು. ಆ ಬಸರಿ ಹುಡುಗಿಯ ತಾಯಿ ಕಾರ್ಡ್, ಬಸರಿ ತಪಾಸಣಿ ಬರದಿಡೋದು, ನೀರಾಗ ಹೋಗೇದಂತ, ಅದಕ್ಕ ದವಾಖಾನಿಗೆ ಹೋಗಾಕ ಅಂಜಿ ಕುಂತಾಳ, ಕಾರ್ಡ್ ಇಲ್ಲಂದ್ರ ಬೈತಾರೇನೋ ಅಂತ.

---

ಚಾಕ್ ಪೀಸ್:

ನಾನು ಬೆಳಗಾವಿ ತಾಲೂಕಿನ್ಯಾಗ ಪ್ರೈಮರಿ ಸಾಲಿ ಟೀಚರ್. ಕಾಗದದ ವಿಷಯ ನಾ ಹೇಳ್ತೀನ್ರಿ, ಗಾಬರಿ ಆಗೂದು ಬ್ಯಾಡ.

ಮೊದಲ ಆ ಬಸರಿ ಹೆಣಮಗಳು. ನಿಮ್ಮ ಗಲ್ಲಿ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇಬ್ಬರಿಗೂ ಇವತ್ತ ಹೇಳ್ರಿ. ಕಾರ್ಡ್ ಹೋದ್ರ ಹೋಗಲಿ, ತಪಾಸಣಿ ನಿಲ್ಲಬಾರದು, ಏಳ ತಿಂಗಳಂದ್ರ ತಡಾ ಮಾಡೋ ಹೊತ್ತಲ್ಲ. ಆಕಿ ಜೊತಿ ಒಬ್ಬರು ಹೋಗ್ರಿ, ಒಬ್ಬಾಕಿನ್ನ ಕಳಸಬ್ಯಾಡ್ರಿ.

ಸಾಲಿ. ಏಳ ಹುಡುಗ್ರು ಅಂದ್ರಿ. ಆರರಿಂದ 14 ವರ್ಷದೊಳಗಿನ ಮಕ್ಕಳಿಗೆ ಟಿಸಿ ಇಲ್ಲಂತ ಸರ್ಕಾರಿ ಸಾಲಿಯವ್ರು ಪ್ರವೇಶ ನಿಲ್ಲಸಂಗಿಲ್ಲ, 2009ರ ಶಿಕ್ಷಣ ಹಕ್ಕಿನ ಕಾಯ್ದೆದಾಗನ ಅದ ಬರದದ, ವಯಸ್ಸಿನ ದಾಖಲೆ ಇಲ್ಲಂದ್ರೂ ನಿರಾಕರಿಸಂಗಿಲ್ಲ. ಟಿಸಿ ಆಮ್ಯಾಲ ಬಂದ್ರ ನಡೀತದ, ಹಳೇ ಸಾಲಿಯ ಹೆಡ್ ಮಾಸ್ತರಿಗೆ ಫೋನ್ ಮಾಡಿದ್ರ ಹುಡುಗನ ಸ್ಯಾಟ್ಸ್ ನಂಬರ್ (ಸಾಲಿ ದಾಖಲೆಯ ಆನ್‌ಲೈನ್ ನಂಬರ್) ಸಿಗತದ. ನಾಳೆನ ಕರಕೊಂಡ ಹೋಗ್ರಿ. ನಾ ಇದನ್ನ ಯಾಕ ಒತ್ತಿ ಹೇಳ್ತೀನಂದ್ರ, ನಮ್ಮ ಸಾಲಿಗೆ ಹಿಂಗ ಬಂದ ಒಬ್ಬ ಹುಡುಗ ಮೊದಲಿನ ಒಂದ ವಾರ ಮೋಡ ಕಟ್ಟಿದ್ರ ಸಾಕು ಪಾಟಿ ಚೀಲಾ ತೊಡಿ ಮ್ಯಾಲ ಇಟಗೊಂಡ ಕೂಡತಿದ್ದ, ಕೆಳಗ ಇಟ್ರ ತೊಯ್ತದ ಅಂತ. ಬಿಸಿಯೂಟಕ್ಕ ಎಲ್ಲಾ ಹುಡುಗ್ರ ಸಾಲಿನ್ಯಾಗ ಕುಂತು, ಆಟಾ ಆಡಿ, ಆಮ್ಯಾಲ ಚೀಲಾ ಕೆಳಗ ಇಟ್ಟ. ಹಾಲಿನ್ಯಾಗ ದೊಡ್ಡವರ ಮಾರಿ ನೋಡಕೋತ ಕುಂತ್ರ ಹುಡುಗ್ರಿಗೆ ಅದು ಹೋಗಂಗಿಲ್ಲ.

ರೇಷನ್. ಅವರ ಕಾರ್ಡ್ ರಾಮದುರ್ಗದ್ದ ಇದ್ರೂ ಇಲ್ಲಿ ನ್ಯಾಯಬೆಲೆ ಅಂಗಡ್ಯಾಗ ಹೆಬ್ಬೆಟ್ಟ ಕೊಟ್ಟು ತಗೋಬಹುದು, ಒಂದು ದೇಶ ಒಂದು ರೇಷನ್ ಕಾರ್ಡ್ ಅಂತ ಅದಕ್ಕ ಮಾಡ್ಯಾರ. ಕಾರ್ಡ್ ಹೋಗಿದ್ರ ನಂಬರ್ ಇದ್ರ ಸಾಕು. ಅಂಗಡಿಯವ್ರು ಮೊದಲ ಇಲ್ಲ ಅಂದ್ರ ಪಂಚರೊಳಗ ಒಬ್ಬರು ಜೊತಿಗೆ ಹೋಗಿ ಸಮಾಧಾನದಿಂದ ಮಾತಾಡ್ರಿ.

ಪರಿಹಾರ. ಇದು ಎಲ್ಲಾಕಿಂತ ದೊಡ್ಡದು, ಇದರಾಗ ತಪ್ಪಿದ್ರ ವರ್ಷಗಟ್ಟಲೆ ಅಡ್ಡಾಡಬೇಕಾಗತದ. 2019ರಾಗ ತಕ್ಷಣಕ್ಕ 10,000, ಪೂರ್ತಿ ಬಿದ್ದ ಮನಿಗೆ 5 ಲಕ್ಷ ಅಂತ ಘೋಷಣೆ ಆಗಿತ್ತು, ಮನಿ ಎಷ್ಟ ಬಿದ್ದದ ಅನ್ನೋದರ ಮ್ಯಾಲ ಎ, ಬಿ, ಸಿ ಅಂತ ಗುಂಪ ಮಾಡಿದ್ರು. ಸರ್ವೇಕ್ಕ ಬಂದ ದಿನ ಮನಿಯವ್ರು ಊರಾಗ ಇಲ್ಲಂದ್ರ, ಫೋಟೋದಾಗ ಬರೇ ಒಂದ ಗ್ವಾಡಿ ಬಂದ್ರ, ಎ ಇದ್ದದ್ದು ಸಿ ಆಗಿ ಕುಂದರತದ. ನನ್ನ ಸ್ವಂತ ಸೋದರಮಾವನ ಮನಿಗೆ ಹಂಗ ಆತು, ಮೂರ ವರ್ಷ ಓಡ್ಯಾಡಿದ್ರು. ಅದಕ್ಕ ಪಂಚನಾಮೆ, ಅಂದ್ರ ನಷ್ಟ ನೋಡಿ ಬರಕೊಳ್ಳೋದು, ಯಾವಾಗ ಅಂತ ಗ್ರಾಮ ಆಡಳಿತಾಧಿಕಾರಿಗೆ (ಮೊದಲ ಗ್ರಾಮ ಲೆಕ್ಕಾಧಿಕಾರಿ ಅಂತಿದ್ರು) ದಿನಾ ಫೋನ್ ಮಾಡಿ ಕೇಳ್ರಿ, ಆ ದಿನ ಮನಿಯವರನ್ನ ಗಾಡಿ ಮಾಡಿ ಕಳಸ್ರಿ. ಮನಿ ನಾಕೂ ಕಡೆ ಫೋಟೋ, ಒಳಗಿನ ಫೋಟೋ, ಮಗ್ಗದ ಕುಣಿ ಫೋಟೋ ತಗೀರಿ. ಮಗ್ಗದ ನಷ್ಟ ಬ್ಯಾರೆ ಬರಸ್ರಿ, ಮನಿ ಲೆಕ್ಕದಾಗ ಮುಚ್ಚಿ ಹೋಗಬಾರದು. ಆಧಾರ್‌ದಾಗ ಊರಿನ ವಿಳಾಸ ಈಗ ಬದಲಿ ಮಾಡಾಕ ಹೋಗಬ್ಯಾಡ್ರಿ, ಪರಿಹಾರ ಮುಗಿಯೂಮಟ ಹಂಗ ಇರಲಿ ಅನ್ನೋದು ನನ್ನ ಅಭಿಪ್ರಾಯ.

---

ನವನಗರದವ:

ಬಾಗಲಕೋಟಿಯಿಂದ ಬರಿಯಾಕತ್ತೀನಿ. ಟೀಚರ್ ಹೇಳಿದ್ದೆಲ್ಲಾ ಸರಿ ಅದ. ಆದ್ರ ನನಗ ಆ ಅಜ್ಜಿಯ ಮಾತ ನಿದ್ದಿ ಕೆಡಿಸ್ತು. "ಅಗಲಸಬ್ಯಾಡ್ರಿ" ಅಂದಾಳಲ್ಲ, ಅದನ್ನ ಹಿಡೀರಿ, ಬಾಕಿದ್ದೆಲ್ಲಾ ಅದರ ಹಿಂದ ಬರತದ.

ನಾವು ಮುಳುಗಡೆಯವ್ರು. ಆಲಮಟ್ಟಿ ಡ್ಯಾಮಿಗೆ 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವ್ರು ಅಡಿಗಲ್ಲ ಇಟ್ರು, ಅದರ ಹಿನ್ನೀರ ನಮ್ಮ ಹಳೇ ಬಾಗಲಕೋಟಿಗೆ ಬಂತು. ನವನಗರದಾಗ ಜಾಗಾ ಸಿಕ್ತು, ರೋಡ್ ಅಗಲ, ಗಟಾರ ಛಲೋ, ನೀರಿನ ನಳ ಮನಿ ಮುಂದ. ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮ ಓಣಿ ಒಂದ ಕಡೆ ಬರಲಿಲ್ಲ. ನಮ್ಮ ಎಡಕಿನ ಮನಿಯವ್ರು ಒಂದ ಸೆಕ್ಟರ್, ಬಲಕಿನವ್ರು ಇನ್ನೊಂದ ಸೆಕ್ಟರ್, ಎದರಿನವ್ರು ರೊಕ್ಕಾ ತಗೊಂಡ ಹುಬ್ಬಳ್ಳಿಗೆ ಹೋದ್ರು. ನಮ್ಮವ್ವ ಹಾಲಿಗೆ ಹೆಪ್ಪ ಇಲ್ಲಂದ್ರ ಗ್ವಾಡಿ ಮ್ಯಾಲಿಂದ ಕೂಗಿ ಇಸಕೋತಿದ್ಲು, ಹೊಸಾ ಮನಿಗೆ ಬಂದ ಮ್ಯಾಲ ಎಷ್ಟೋ ದಿನ ಯಾರ ಕಡೆ ಕೇಳಬೇಕಂತ ತಿಳಿಯದ ಹಾಲ ಕಾಸಿ ಹಂಗ ಕುಡಿಯಾಕ ಕೊಡತಿದ್ಲು. ನಮ್ಮಪ್ಪ ದಿನಾ ಸಂಜಿಮುಂದ ಸೈಕಲ್ ಹತ್ತಿ ಹಳೇ ಊರಿಗೆ ಹೋಗಾಂವ, ಅಲ್ಲಿ ಉಳಕೊಂಡ ಒಂದ ಕಟ್ಟಿ ಮ್ಯಾಲ ಕೂತು ಕತ್ತಲಾದ ಮ್ಯಾಲ ಬರಾಂವ. ಯಾಕ ಹೋಗ್ತಿ ಅಂದ್ರ ಯಾರರ ಸಿಗ್ತಾರ ಅಂತಿದ್ದ. ಸಾಯೂಮಟ ಹೋದ.

ಮನಿ ಕೊಟ್ರ ಮನಿ ಸಿಗತದ್ರಿ, ಓಣಿ ಸಿಗಂಗಿಲ್ಲ. 2009ರ ನೆರಿ ಆದ ಮ್ಯಾಲ ಆಸರೆ ಅಂತ ಎಷ್ಟೋ ಊರ ಮಗ್ಗಲಿಗೆ ಹೊಸಾ ಮನಿ ಕಟ್ಟಿದ್ರಲ್ಲ, ಅದರಾಗ ಎಷ್ಟೋ ಕಡೆ ಮಂದಿ ಹೋಗಿ ಇರಲೇ ಇಲ್ಲ, ಹೊಲಾ ದೂರ, ದನಕ್ಕ ಜಾಗಾ ಇಲ್ಲ, ಮಗ್ಗಲ ಮನ್ಯಾಗ ನಮ್ಮವ್ರಿಲ್ಲ. ಈಗ ಮತ್ತ ಆಲಮಟ್ಟಿ 519.6 ಮೀಟರಿಂದ 524.256ಕ್ಕ ಏರತದ ಅಂತ, 2010ರಾಗ ಕೃಷ್ಣಾ ನೀರಿನ ಟ್ರಿಬ್ಯೂನಲ್ ಹೇಳಿದಾಗಿನಿಂದ ಇಲ್ಲಿ ಇನ್ನೊಂದಿಷ್ಟ ಮಂದಿ ಹೊಂಡೂ ದಾರಿ ನೋಡಕೋತ ಕುಂತಾರ, ಮನಿಗೆ ಸುಣ್ಣ ಹಚ್ಚಬೇಕೋ ಬ್ಯಾಡೋ ತಿಳೀವಲ್ದು.

ಅನಗೋಳಕ್ಕೊಂದು ಕಂಗ್ರಾಳಿಗೊಂದು ಹಂಚಬ್ಯಾಡ್ರಿ. ಐದ ಮನಿ ಅಂದ್ರ ಅದು ಒಂದ ಓಣಿ. ಖೋಲಿ ಸಣ್ಣದಾಗಲಿ, ಪತ್ರಾಸ ಇರಲಿ, ಒಂದ ಕಡೆ ಇಡ್ರಿ. ಹುಡುಗ್ರನ್ನ ಬಿಟ್ಟ ಕೆಲಸಕ್ಕ ಹೋಗಬೇಕಂದ್ರ, ರಾತ್ರಿ ಆ ಬಸರಿಗೆ ನೋವ ಬಂದ್ರ, ಬಾಗಲಾ ಬಡಿಯಾಕ ಒಂದ ಮನಿ ಬೇಕ್ರಿ.

---

ಮುಂಡಗೋಡ ಮಾವ:

ನವನಗರದ ಅಣ್ಣಾರ ಮಾತಿಗೆ ನನ್ನದೊಂದ ಸಾಕ್ಷಿ. ನನ್ನ ಊರು ಮುಂಡಗೋಡ, ನೌಕರಿ ಸಲುವಾಗಿ ವಿಜಯಪುರದಾಗ ಅದೀನಿ. ನಮ್ಮಲ್ಲಿ ಟಿಬೆಟಿನವ್ರ ದೊಡ್ಡ ವಸತಿ ಅದಲ್ಲ, 1959ರಾಗ ದಲೈ ಲಾಮಾ ಅವ್ರು ಭಾರತಕ್ಕ ಬಂದ ಮ್ಯಾಲ ಮೈಸೂರು ರಾಜ್ಯ ಅವರ ಮಂದಿಗೆ ಜಮೀನ ಕೊಡ್ತು, ಮೊದಲ ಬೈಲಕುಪ್ಪೆ, 1966ರಾಗ ನಮ್ಮ ಮುಂಡಗೋಡ. ಅವರನ್ನ ಅಲ್ಲಿ ಒಬ್ಬೊಬ್ಬರನ್ನ ಚೆಲ್ಲಲಿಲ್ಲ. ಕ್ಯಾಂಪ್ ಕ್ಯಾಂಪ್ ಮಾಡಿ ಕೂಡೇ ಇಟ್ರು, ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್ ಅಂತ ನಾವು ಈಗೂ ಅಂತೀವಿ. ಕೂಡಿ ಇದ್ದದ್ದಕ್ಕ ಅವರ ಸಾಲಿ, ಸೊಸೈಟಿ, ಡ್ರೆಪುಂಗ್, ಗಾಡೆನ್ ಮಠ ಎಲ್ಲಾ ಎದ್ದು ನಿಂತ್ವು. ಹಂಗಂತ ನಮ್ಮ ಜೊತಿ ಬೆರೀಲಿಲ್ಲ ಅಂತಲ್ಲ, ಸಂತ್ಯಾಗ ಗೋವಿನಜೋಳದ ರೇಟ್ ಕನ್ನಡದಾಗ ಚೌಕಾಸಿ ಮಾಡ್ತಾರ. ಚಳಿಗಾಲಕ್ಕ ಊರೂರಿಗೆ ಸ್ವೆಟರ್ ಮಾರಾಕ ಬರ್ತಾರಲ್ಲ, ಲುಧಿಯಾನಾದಿಂದ ಮಾಲ ತಂದು, ಅವ್ರೂ ಇಂಥವ್ರೇ. ನಮ್ಮ ಅವ್ವ ಒಬ್ಬಾಕಿ ಟಿಬೆಟಿ ಬಾಯಾರ ಕಡೆನ ಪ್ರತಿ ವರ್ಷ ತಗೊಳಾಕಿ, ಆಕಿ ಬರೋದು ಒಂದ ವಾರ ತಡಾ ಆದ್ರ ನಮ್ಮವ್ವಗ ಚಿಂತಿ.

"ಯಾವಾಗ ಹೋಗ್ತಾರ" ಅಂತ ಕೇಳೋರಿಗೆ ಒಂದ ಮಾತ. ನಾವು ಕನ್ನಡದಾಗ ನಿರಾಶ್ರಿತರು ಅಂತ ಎಲ್ಲಾರಿಗೂ ಅಂತೀವಿ. ಟಿಬೆಟಿನವ್ರು ದೇಶ ದಾಟಿ ಬಂದವ್ರು, ಅವರ ಕೈಯಾಗ ನೋಂದಣಿ ಪುಸ್ತಕ ಇರತದ, ಅದನ್ನ ನವೀಕರಣ ಮಾಡಸ್ಕೋತ ಇರಬೇಕು. ನಿರಾಶ್ರಿತರ ಸಲುವಾಗಿ 1951ರಾಗ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕ ನಮ್ಮ ದೇಶ ಸಹಿ ಮಾಡಿಲ್ಲ, ಆದ್ರೂ ಇಷ್ಟ ವರ್ಷ ಇಟಗೊಂಡೇವಿ. ಹಂಗಿದ್ದಾಗ ರಾಮದುರ್ಗದವ್ರು ನಿಮ್ಮ ಜಿಲ್ಲಾದವ್ರೇ, ಬೆಳಗಾವಿ ಅವರ ಜಿಲ್ಲಾ ಕೇಂದ್ರ. ಎಲ್ಲಿ ಬೇಕಾದಲ್ಲಿ ಇರೋ ಹಕ್ಕ ಸಂವಿಧಾನನ ಕೊಟ್ಟದ. ಅವ್ರು ಇರಲಿ, ಹೋಗಲಿ, ಅದು ಅವರ ಖುಷಿ. ಆ ಪ್ರಶ್ನಿ ಅವರ ಕಿವಿಗೆ ಬೀಳದಂಗ ನೋಡಕೋರಿ ಅಕ್ಕಾರ.

---

ಕಂಡಿಕಿ_ವಡಗಾವಿ (12 ದಿನದ ಮ್ಯಾಲ):

ಎಲ್ಲಾರಿಗೂ ಕೈ ಮುಗದು ಹೇಳ್ತೀನಿ, ನಿಮ್ಮ ಉತ್ತರಾ ಎಲ್ಲಾ ನಮ್ಮ ಅಣ್ಣನ ಮಗ ಪಂಚರ ಮುಂದ ಮೊಬೈಲ್ ಹಿಡದು ಗಟ್ಟಿಯಾಗಿ ಓದಿದ. ನವನಗರದ ಅಪ್ಪಾರ ಕಟ್ಟಿ ಮ್ಯಾಲ ಕೂಡೂ ಮಾತ ಬಂದಾಗ ನಮ್ಮ ಹಿರೇ ಪಂಚರು ಟೋಪಿ ತಗದು ತೊಡಿ ಮ್ಯಾಲ ಇಟಗೊಂಡ್ರು. ಅಗಲಸೋ ಮಾತ ಅಲ್ಲೇ ನಿಂತು.

ನಮ್ಮ ಹಿಂದಿನ ಬೋಳದಾಗ, ಅಂದ್ರ ಸಂದ್ಯಾಗ, ಒಬ್ಬರ ಮಗ್ಗದ ಶೆಡ್ ಅದ, ನಾಕ ಮಗ್ಗ ಹೋದ ವರ್ಷ ಮಾರಿದ್ರು, ಖಾಲಿ ಇತ್ತು. ಅದರ ಮಗ್ಗಲಿಗೆ ಹತ್ತಿ ಎರಡ ಖೋಲಿ. ಶೆಡ್ಡಿನ್ಯಾಗ ಪ್ಲೈವುಡ್ ಹೊಡದು ಮೂರ ಭಾಗ ಮಾಡೇವಿ, ಬಡಗಿ ಮಜೂರಿ ತಗೊಳ್ಳಲಿಲ್ಲ. ಹಿಂಗ ಐದೂ ಮನಿ ಒಂದ ಅಂಗಳಕ್ಕ ಬಾಗಲಾ ಆದ್ವು. ಸಂಡಾಸ್ ಒಂದ ಇತ್ತು, ಇನ್ನೊಂದ ಕಟ್ಟಾಕತ್ತೇವಿ, ಅದು ಇನ್ನೂ ತ್ರಾಸ ಅದ, ಮುಂಜಾನೆ ಪಾಳಿ ಹಚ್ಚತಾರ.

ಬಾಡಿಗಿ ಲೆಕ್ಕ ಖಾಸಬಾಗದ ತಮ್ಮ ಹೇಳಿದಂಗ ಮೊದಲ ಹಾಕಿದ್ವಿ. ಎಂಟ ತಿಂಗಳು ಅಂತ ಠರಾಯಿಸೇವಿ. ಗಣಪತಿ ವರ್ಗಣಿಯೊಳಗ ಡಿಜೆ ಈ ವರ್ಷ ಬ್ಯಾಡ ಅಂತ ಹುಡುಗ್ರ ತಾವೇ ಅಂದ್ರು, ಝಾಂಜ್ ಪಥಕ್ (ತಾಳ ಬಾರಿಸೋ ಮೇಳ) ಸಾಕಂತ, ಆ ರೊಕ್ಕದಾಗ ನಾಕ ತಿಂಗಳ ಆಗತದ. ಉಳದದ್ದು ನಮ್ಮ ಭಿಶಿಯೊಳಗ ತಿಂಗಳಾ ಒಬ್ಬೊಬ್ಬರು ನೂರ ರೂಪಾಯಿ ಬಿಡೋದು. ಇಬ್ಬರು ಗಂಡಸರು ನಮ್ಮಲ್ಲೇ ಮಗ್ಗದ ಮ್ಯಾಲ ಕುಂತಾರ, ಕುಣಿ ಮಗ್ಗದ ಕೈ, ಪಾವರ್‌ಲೂಮಿನ ಸಪ್ಪಳಕ್ಕ ಇನ್ನೂ ಹೊಂದವಲ್ದು, ದಾರ ಹರದ್ರ ಗೊತ್ತಾಗಂಗಿಲ್ಲ ಅಂತಾರ, ಕಲೀತಾರ. ಬಸರಿ ಹುಡುಗಿಗೆ ಹೊಸಾ ಕಾರ್ಡ್ ಆತು, ನಾನ ಜೊತಿಗೆ ಹೋಗಿದ್ದೆ, ಯಾರೂ ಬೈಲಿಲ್ಲ. ಹುಡುಗ್ರು ಆರ ಮಂದಿ ಸಾಲಿಗೆ ಹೊಂಟಾವ, ಒಂದ ಇನ್ನೂ ಸಣ್ಣದು, ಅಂಗನವಾಡಿಗೆ ಹಚ್ಚೇವಿ.

ಅಜ್ಜಿ ಕಂಡಿಕಿ, ಲಾಳಿಯೊಳಗ ಇಡೋ ನೂಲಿನ ಸುರುಳಿ, ಸುತ್ತತಾಳ. ನಾವು ಬ್ಯಾಡ ಅಂದ್ರೂ ಕೇಳಲಿಲ್ಲ. ಅಂಗಳದಾಗ ಕೂತು ಸುತ್ತಕೋತ ಐದೂ ಮನಿ ಹುಡುಗ್ರ ಮ್ಯಾಲ ಕಣ್ಣ ಇಟ್ಟಿರತಾಳ. ಲಾಳಿ ಶೆಡ್ಡಿನ ಮೊಳಿಗೆ ತೂಗ ಹಾಕ್ಯಾಳ, ಪಾವರ್‌ಲೂಮಿಗೆ ಅದು ನಡಿಯಂಗಿಲ್ಲ, ಆಕಿಗೂ ಗೊತ್ತದ.

ಬರೋ ಆಯ್ತವಾರ ಪಂಚನಾಮೆ ಅಂತ ಊರಿಂದ ಫೋನ್ ಬಂದದ. ನಾವು ಒಂದ ಟೆಂಪೋ ಮಾಡೇವಿ, ಐದೂ ಮನಿಯಿಂದ ಒಬ್ಬೊಬ್ಬರು, ಗಲ್ಲಿಯಿಂದ ಎಂಟ ಹುಡುಗ್ರು, ಸಲಿಕಿ, ಬುಟ್ಟಿ, ಬ್ಲೀಚಿಂಗ್ ಪೌಡರ್ ಎಲ್ಲಾ ತುಂಬೇವಿ. ಮುಂಜಾನೆ ಐದಕ್ಕ ಹೊಂಡತೇವಿ. ಗಾಡ್ಯಾಗ ಇನ್ನ ಮೂರ ಮಂದಿಗೆ ಜಾಗಾ ಅದ, ಬರೋರು ಇದ್ರ ಹೇಳ್ರಿ, ಗಂಬೂಟ್ ಇದ್ದವ್ರು ತಗೊಂಡ ಬರ್ರಿ, ನಮ್ಮ ಕಡೆ ನಾಕ ಜೋಡಿ ಅಷ್ಟ ಸಿಕ್ಕಾವ.

---

ಖಾಸಬಾಗ ಹುಡುಗ:

ನಾ ಬರ್ತೀನಿ ಅಕ್ಕಾರ. ಇಬ್ಬರದೀವಿ, ಗಂಬೂಟ್ ಅದಾವ.